ಒಂದೇ ಮಗು, ಎರಡು ಇಲಾಖೆ: ವಿಶೇಷ ಶಾಲೆ ಮತ್ತು ಊರ ಶಾಲೆಯ ನೂರು ವರ್ಷದ ದಾರಿ

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಪುಟ್ಟರಾಜ ಗವಾಯಿಗಳು ಹುಟ್ಟಿದ್ದು 1914ರಲ್ಲಿ, ಅದೇ ತಾಲೂಕಿನ ದೇವಗಿರಿಯಲ್ಲಿ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಂದರೆ ನೆನಪಾಗುವುದು ಇವರಿಬ್ಬರೇ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ನಮ್ಮ ಹಾವೇರಿ ಜಿಲ್ಲೆಯವರೆಂದು ನಾವೆಲ್ಲ ಹೆಮ್ಮೆಪಡುತ್ತೇವೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಕಾಲದಲ್ಲಿ ಕಣ್ಣು ಕಾಣದ ಮಗುವಿಗೆ ಹುಟ್ಟಿದ ಊರಿನ ಸಾಲಿಯಲ್ಲಿ ಜಾಗ ಇತ್ತೇ? ಕಲಿಸುವ ವ್ಯವಸ್ಥೆಯೇ ಇರಲಿಲ್ಲ. ಕಲಿಯಬೇಕೆಂದರೆ ಊರು ಬಿಡಬೇಕಿತ್ತು. ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳೂ ಕಣ್ಣಿರುವ ಅನಾಥ ಮಕ್ಕಳೂ ಒಂದೇ ಗುರುಗಳ ಮುಂದೆ ಕುಳಿತು ಸಂಗೀತ ಕಲಿತರು. ಆಶ್ರಮದಲ್ಲಿ ಸಾಧ್ಯವಾದದ್ದು ಸರಕಾರಿ ವ್ಯವಸ್ಥೆಯಲ್ಲಿ ಬಹಳ ಕಾಲ ಸಾಧ್ಯವಾಗಲಿಲ್ಲ. ಅದು ಯಾಕೆ ಎಂದು ಹೇಳುವುದೇ ಈ ಬರಹ.

ಎರಡು ದಾರಿ ಹುಟ್ಟಿದ್ದು ಹೀಗೆ

ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳಿಗೆ ಶಾಲೆ ಶುರುವಾಯಿತು. ಆಗ ಬ್ಯಾಡಗಿ ಮೈಸೂರಿಗೆ ಸೇರಿರಲಿಲ್ಲ, ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಏಕೀಕರಣವಾಗಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. ಇಷ್ಟೆಲ್ಲ ಆದರೂ ವಿಶೇಷ ಶಾಲೆ ದೂರದ ಪಟ್ಟಣದಲ್ಲೇ ಉಳಿಯಿತು. ಅಂಧ ಮಕ್ಕಳಿಗೆ ಹುಬ್ಬಳ್ಳಿ ಇಲ್ಲವೇ ದಾವಣಗೆರೆಯ ಸರಕಾರಿ ಶಾಲೆ, ಕಿವುಡ ಮಕ್ಕಳಿಗೆ ಬೆಳಗಾವಿ. ಆರು ವರ್ಷದ ಕೂಸನ್ನು ರೈಲು ಹತ್ತಿಸಿ, ಹಾಸ್ಟೆಲಿನಲ್ಲಿ ಬಿಟ್ಟು ಬರಲು ಎಷ್ಟು ತಾಯಂದಿರಿಗೆ ಮನಸ್ಸಾದೀತು? ಬಹಳಷ್ಟು ಮಕ್ಕಳು ಮನೆಯಲ್ಲೇ ಉಳಿದರು.

ಊರ ಶಾಲೆಯನ್ನು ನೋಡಿಕೊಂಡದ್ದು ಶಿಕ್ಷಣ ಇಲಾಖೆ. ವಿಕಲಚೇತನರ ಕೆಲಸ ಕಲ್ಯಾಣದ ಲೆಕ್ಕಕ್ಕೆ ಹೋಯಿತು. ಅದಕ್ಕಾಗಿ 1988ರಲ್ಲಿ ಕರ್ನಾಟಕದಲ್ಲಿ ಪ್ರತ್ಯೇಕ ಇಲಾಖೆಯೇ ಆಯಿತು. ಪ್ರತ್ಯೇಕ ಇಲಾಖೆಯಿಂದ ಪಿಂಚಣಿ, ಸಾಧನ ಸಲಕರಣೆ, ವಿಶೇಷ ಶಾಲೆಗಳಿಗೆ ಅನುದಾನ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಮಗುವಿನ ಓದು ಯಾರ ಜವಾಬ್ದಾರಿ ಎಂಬ ಪ್ರಶ್ನೆಗೆ ಎರಡು ಉತ್ತರ ಹುಟ್ಟಿಕೊಂಡವು. ಎರಡು ಉತ್ತರ ಇದ್ದ ಕಡೆ ಕೆಲಸ ನಡುವೆ ಬೀಳುತ್ತದೆ.

ಕಾನೂನು ಮಗುವನ್ನು ಊರ ಶಾಲೆಗೆ ಕರೆತಂದಿತು

ಇಬ್ಬರನ್ನೂ ಕೂಡಿಸಬೇಕೆಂಬ ಮಾತು ಹೊಸದಲ್ಲ. 1966ರಲ್ಲೇ ಕೊಠಾರಿ ಆಯೋಗ, ಅಂಗವಿಕಲ ಮಕ್ಕಳ ಶಿಕ್ಷಣ ಸಾಮಾನ್ಯ ಶಿಕ್ಷಣದ ಭಾಗವಾಗಿಯೇ ಇರಬೇಕು ಎಂದಿತ್ತು. 1974ರಲ್ಲಿ ಕೇಂದ್ರ ಸರಕಾರ ಐಇಡಿಸಿ ಎಂಬ ಯೋಜನೆ ತಂದಿತು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಬೇಕು, 8 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು, ಪೂರ್ತಿ ಹಣ ಕೇಂದ್ರದ್ದು. ಶಾಲೆಯ ಈ ಯೋಜನೆ ಶುರುವಾದದ್ದು ಮಾತ್ರ ಸಮಾಜ ಕಲ್ಯಾಣ ಸಚಿವಾಲಯದಲ್ಲಿ. ಅದು ಶಿಕ್ಷಣ ಇಲಾಖೆಗೆ ಬರಲು 1982 ಆಯಿತು. ಅಂದರೆ ಮೊದಲ 8 ವರ್ಷ ಶಾಲೆ ಒಬ್ಬರದು, ಶಾಲೆಗೆ ಬರಬೇಕಾದ ಮಗುವಿನ ಯೋಜನೆ ಇನ್ನೊಬ್ಬರದು.

ಆಮೇಲೆ ಕಾನೂನುಗಳು ಒಂದರ ಹಿಂದೆ ಒಂದು ಬಂದವು. 1994ರಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ 92 ಸರಕಾರಗಳ ಪ್ರತಿನಿಧಿಗಳು ಸೇರಿ, ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯೇ ತೆರೆದಿರಬೇಕು ಎಂದು ಸಾರಿದರು. ಮರುವರ್ಷ ನಮ್ಮ ದೇಶದಲ್ಲಿ 1995ರ ಅಂಗವಿಕಲರ ಕಾಯ್ದೆ ಆಯಿತು. ಸರ್ವ ಶಿಕ್ಷಣ ಅಭಿಯಾನ ಬಂದಾಗ ಯಾವ ಮಗುವನ್ನೂ ಹಿಂದಕ್ಕೆ ಕಳಿಸಬಾರದು ಎಂಬ ನಿಯಮ ಬಂತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. 2012ರ ತಿದ್ದುಪಡಿ ತೀವ್ರ ಅಂಗವೈಕಲ್ಯದ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಹಕ್ಕನ್ನೂ ಕೊಟ್ಟಿತು. 2016ರ ಹೊಸ ಕಾಯ್ದೆಯಲ್ಲಿ ಅಂಗವೈಕಲ್ಯದ ವಿಧಗಳು 21 ಆದವು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಎಲ್ಲಿ ಎಂಬುದು ಮನೆಯವರ ಆಯ್ಕೆ.

ಹೀಗೆ ಮಗು ಊರ ಶಾಲೆಗೆ ಬಂತು. ಆದರೆ ಅಧಿಕಾರಿಗಳ ಕುರ್ಚಿಗಳು ಇದ್ದಲ್ಲೇ ಇದ್ದವು.

ತಾಲೂಕಿನಲ್ಲಿ ಯಾರು ಎಲ್ಲಿದ್ದಾರೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ತಾಲೂಕಿನ ಯಾವುದೋ ಹಳ್ಳಿಯಲ್ಲಿ ಏಳು ವರ್ಷದ ಹುಡುಗಿ, ಕಿವಿ ಸರಿಯಾಗಿ ಕೇಳುವುದಿಲ್ಲ. ಅವಳನ್ನು ಮೊದಲು ಗುರುತಿಸುವವರು ಅಂಗನವಾಡಿ ಅಕ್ಕ. ಪ್ರಮಾಣಪತ್ರ ಕೊಡುವವರು ಆಸ್ಪತ್ರೆಯ ವೈದ್ಯರು. ಯುಡಿಐಡಿ ಕಾರ್ಡಿನ ಅರ್ಜಿಗೆ ಸಹಾಯ ಮಾಡುವವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲೂಕಿನಲ್ಲಿ ಎಂಆರ್‌ಡಬ್ಲ್ಯೂ. ಇವರಿಬ್ಬರೂ ವಿಕಲಚೇತನರ ಇಲಾಖೆಯ ಕೆಲಸ ಮಾಡುವವರು.

ಇನ್ನೊಂದು ಕಡೆ ಶಾಲೆಯ ಮುಖ್ಯ ಶಿಕ್ಷಕರು, ಅವರ ಮೇಲೆ ಸಿಆರ್‌ಪಿ, ಬಿಆರ್‌ಸಿ, ಬಿಇಒ. ವಿಶೇಷ ಮಕ್ಕಳಿಗಾಗಿಯೇ ತರಬೇತಿ ಪಡೆದ ಬಿಐಇಆರ್‌ಟಿ ಶಿಕ್ಷಕರು ಬಿಆರ್‌ಸಿಯಲ್ಲಿ ಇರುತ್ತಾರೆ. ಅವರು ಇಡೀ ತಾಲೂಕಿನ ಶಾಲೆಗಳನ್ನು ಸುತ್ತಬೇಕು, ಮನೆಯಲ್ಲಿರುವ ಮಕ್ಕಳನ್ನೂ ನೋಡಬೇಕು.

ಈಗ ನೋಡಿ. ಹುಡುಗಿಗೆ ಶ್ರವಣ ಸಾಧನ ಸಿಕ್ಕಿದ್ದು ವಿಆರ್‌ಡಬ್ಲ್ಯೂಗೆ ಗೊತ್ತು, ತರಗತಿಯ ಮಾಸ್ತರಿಗೆ ಗೊತ್ತಿಲ್ಲ. ಅದು ಕೆಟ್ಟು ಕಪಾಟು ಸೇರಿದ್ದು ಅವ್ವನಿಗೆ ಗೊತ್ತು, ಬಿಐಇಆರ್‌ಟಿಗೆ ಗೊತ್ತಿಲ್ಲ. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು, ಮುಖ ನೋಡಿ ಮಾತಾಡಬೇಕು ಎಂಬುದು ಬಿಐಇಆರ್‌ಟಿಗೆ ಗೊತ್ತು, ಆದರೆ ದಿನಾ ಕಲಿಸುವವರು ಅವರಲ್ಲ. ಯಾರೂ ಕೆಲಸ ತಪ್ಪಿಸಿಲ್ಲ, ಎಲ್ಲರ ರಿಜಿಸ್ಟರಿನಲ್ಲೂ ಅವಳ ಹೆಸರಿದೆ. ಆದರೂ ಐದನೇ ತರಗತಿಗೆ ಬಂದಾಗ ಅವಳಿಗೆ ಓದಲು ಬರುವುದಿಲ್ಲ.

ನಮ್ಮ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ಡಬ್ಬಿ ಬೇರೆ, ಕಡ್ಡಿ ಬೇರೆ ರಾಶಿ ಹಾಕುತ್ತೇವೆ, ಅದು ವ್ಯಾಪಾರ. ‘ಈ ಮಗು ವಿಶೇಷ ಶಿಕ್ಷಕರದ್ದು’ ಎಂದು ಮಕ್ಕಳನ್ನು ಹಾಗೆ ಬೇರೆ ಮಾಡಿದರೆ, ವಾರಕ್ಕೋ ತಿಂಗಳಿಗೋ ಬರುವ ಆ ಶಿಕ್ಷಕರು ಹೋದ ಮೇಲೆ ಉಳಿದ ದಿನಗಳಲ್ಲಿ ಆ ಮಗು ಯಾರದ್ದೂ ಅಲ್ಲ.

ಬೇರೆ ದೇಶದಲ್ಲೂ ತಡವಾಯಿತು

ಇದು ನಮ್ಮ ತಾಲೂಕಿನದ್ದಷ್ಟೇ ತೊಡಕಲ್ಲ. ಅಮೆರಿಕದಲ್ಲಿ 1975ರಲ್ಲೇ ಕಾನೂನು ಬಂತು. ಪ್ರತಿ ವಿಶೇಷ ಮಗುವಿಗೂ ಒಂದು ಲಿಖಿತ ಕಲಿಕಾ ಯೋಜನೆ ಬೇಕು, ಅದನ್ನು ತಂಡವಾಗಿ ಕುಳಿತು ಮಾಡಬೇಕು ಎಂದಾಯಿತು. ಆದರೆ ಸಾಮಾನ್ಯ ತರಗತಿಯ ಶಿಕ್ಷಕರು ಆ ತಂಡದಲ್ಲಿ ಇರಲೇಬೇಕೆಂದು ಕಾನೂನು ಹೇಳಿದ್ದು 1997ರಲ್ಲಿ. ಒಂದೇ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಲು ಅವರಿಗೂ 22 ವರ್ಷ ಹಿಡಿಯಿತು.

ನಮ್ಮಲ್ಲಿ 2017ರ ಕೇಂದ್ರದ ನಿಯಮಗಳು ಇದಕ್ಕೆ ಒಂದು ದಾರಿ ಮಾಡಿವೆ. ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು, ವಿಕಲಚೇತನ ಮಕ್ಕಳ ದಾಖಲಾತಿ ಮತ್ತು ಶಾಲೆಯಲ್ಲಿನ ಸೌಲಭ್ಯದ ಎಲ್ಲ ವಿಷಯ ಅವರೇ ನೋಡಬೇಕು. ಅಂದರೆ ಹಾವೇರಿಯ ಡಿಡಿಪಿಐ ಕಚೇರಿಯಲ್ಲಿ ಈ ಮಕ್ಕಳ ಬಗ್ಗೆ ಉತ್ತರ ಹೇಳಬೇಕಾದ ಒಬ್ಬರು ಇರಬೇಕು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಸರಕಾರ ತನ್ನ ಮಾನದಂಡ ನಿಗದಿ ಮಾಡುವವರೆಗೆ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಎಂದಿತು. 2025ರ ಮಾರ್ಚಿನಲ್ಲಿ ಈ ಹುದ್ದೆಗಳನ್ನು ಮಂಜೂರು ಮಾಡಿ ತುಂಬಿರಿ ಎಂದು ರಾಜ್ಯಗಳಿಗೆ ಮತ್ತೆ ಸೂಚಿಸಿತು.

ಹುದ್ದೆ ತುಂಬಲೇಬೇಕು. ಆದರೆ ಹೊಸ ಶಿಕ್ಷಕರು ಬಂದರೂ ಬಿಇಒ ಸಭೆಯಲ್ಲಿ ಅವರಿಗೆ ಕುರ್ಚಿ ಇಲ್ಲದಿದ್ದರೆ ಹಳೆಯ ಕಥೆಯೇ ಮುಂದುವರಿಯುತ್ತದೆ.

ಊರಿನಿಂದಲೇ ಶುರುವಾಗಬಹುದಾದದ್ದು

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ತಿಂಗಳಿಗೊಮ್ಮೆ ಮುಖ್ಯ ಶಿಕ್ಷಕರು, ಬಿಐಇಆರ್‌ಟಿ, ವಿಆರ್‌ಡಬ್ಲ್ಯೂ, ಅಂಗನವಾಡಿ ಕಾರ್ಯಕರ್ತೆ ಒಂದೇ ಕಡೆ ಕುಳಿತು, ಎಲ್ಲರ ರಿಜಿಸ್ಟರುಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದೇ ಮಗುವಿನ ಹೆಸರು ಓದಿದರೆ ಅರ್ಧ ಕೆಲಸ ಆದಂತೆ. ಯಾವ ಮಗು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲ ಎಂಬುದು ಅಲ್ಲೇ ಕಾಣುತ್ತದೆ. ತಾಲೂಕು ಮಟ್ಟದಲ್ಲಿ ಬಿಇಒ ಮತ್ತು ಎಂಆರ್‌ಡಬ್ಲ್ಯೂ ಹೀಗೇ ಕುಳಿತುಕೊಳ್ಳಬಹುದು.

ಎಸ್‌ಡಿಎಂಸಿಯಲ್ಲಿ ಇರುವ ಓದುಗರೇ, ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳು ಎಷ್ಟು? ಬಿಐಇಆರ್‌ಟಿ ಕೊನೆಯ ಸಲ ಬಂದದ್ದು ಯಾವಾಗ, ತರಗತಿಯ ಶಿಕ್ಷಕರಿಗೆ ಏನು ಹೇಳಿ ಹೋದರು? ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ ₹200ರಂತೆ 10 ತಿಂಗಳು ಸಿಗಬೇಕಾದ ಪ್ರೋತ್ಸಾಹಧನ ಖಾತೆಗೆ ಬಂದಿದೆಯೇ?

ಗ್ರಾಮ ಸಭೆಗೆ ಹೋಗುವವರು ಇನ್ನೊಂದು ಕೇಳಿ. ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆ ಶೇ 5 ಮೀಸಲಿಡಬೇಕು. ಅದರಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಈ ವರ್ಷ ಎಷ್ಟು ಖರ್ಚಾಯಿತು?

ಉತ್ತರ ಕೊಡಬೇಕೆಂದರೆ ಅವರು ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಗುತ್ತದೆ. ನಮಗೆ ಬೇಕಾದದ್ದೂ ಅದೇ.