ಹುಲ್ಲುಹಾಸಿನ ಗಾಳಿಯಾಡಿಕೆ

ಓಡಾಟದಿಂದ ಗಟ್ಟಿಯಾದ ಹುಲ್ಲುಹಾಸಿನ ಮಣ್ಣಿನಲ್ಲಿ ರಂಧ್ರ ತೆಗೆದು ಬೇರಿಗೆ ಗಾಳಿ, ನೀರು, ಗೊಬ್ಬರ ತಲುಪುವಂತೆ ಮಾಡುವ ತೋಟಗಾರಿಕೆ ಕ್ರಮ. ಮಣ್ಣು ಒತ್ತಿಹೋದಾಗ ಕಣಗಳ ನಡುವಿನ ತೆರಪು ಕಡಿಮೆಯಾಗುತ್ತದೆ. ನೀರು ಮೇಲೆಯೇ ನಿಲ್ಲುತ್ತದೆ, ಬೇರು ಆಳಕ್ಕೆ ಇಳಿಯದೆ ಹುಲ್ಲು ಹಳದಿಯಾಗುತ್ತದೆ.

ವಿಧ ಎರಡು. ಟೊಳ್ಳು ಮೊಳೆಯ ಉಪಕರಣ 5ರಿಂದ 10 ಸೆಂ.ಮೀ. ಆಳದ ಮಣ್ಣಿನ ಉರುಳೆಗಳನ್ನು ಕಿತ್ತು ಹೊರಹಾಕುತ್ತದೆ. ಅವು ಒಣಗಿದ ಮೇಲೆ ಪುಡಿಯಾಗಿ ಅಲ್ಲೇ ಬೆರೆಯುತ್ತವೆ. ಗಟ್ಟಿ ಮೊಳೆ ಬರಿಯ ತೂತು ಮಾಡುತ್ತದೆ. ಜೇಡಿಯಲ್ಲಿ ಅದು ಸುತ್ತಲಿನ ಮಣ್ಣನ್ನು ಇನ್ನಷ್ಟು ಒತ್ತುವುದರಿಂದ ಮೊದಲನೆಯದೇ ಮೇಲು. ಮೊಳೆ ಕಟ್ಟಿದ ಚಪ್ಪಲಿಗಳ ಪ್ರಯೋಜನ ಅಲ್ಪ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ವ್ಯಾಪಕವಾಗಿರುವ ಎರೆ (ಕಪ್ಪು) ಮಣ್ಣಿಗೆ ಈ ಕ್ರಮ ವಿಶೇಷವಾಗಿ ಅನ್ವಯಿಸುತ್ತದೆ. ಈ ಮಣ್ಣು ನೆನೆದರೆ ಉಬ್ಬಿ ಅಂಟುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ತೀರ ಒಣಗಿದಾಗ ಮೊಳೆ ಇಳಿಯದು, ಕೆಸರಾದಾಗ ರಂಧ್ರದ ಗೋಡೆ ಮೆತ್ತಿ ಮುಚ್ಚುತ್ತದೆ. ಹಿಡಿಯಲ್ಲಿ ಉಂಡೆ ಕಟ್ಟಿ, ಬೆರಳಿಗೆ ಅಂಟದೆ ಉದುರುವ ಹದವೇ ತಕ್ಕದ್ದು. ಮುಂಗಾರಿನ ಮೊದಲ ಮಳೆಗಳ ನಂತರ, ಗರಿಕೆ ಜಾತಿಯ ಹುಲ್ಲು ಚಿಗುರುವಾಗ ಮಾಡಿದರೆ ಗಾಯ ಬೇಗ ಕೂಡುತ್ತದೆ. ರಂಧ್ರಗಳಿಗೆ ಜರಡಿ ಹಿಡಿದ ಕಾಂಪೋಸ್ಟ್ ಎಳೆಯುತ್ತಾರೆ. ಎರೆಗೆ ಸ್ವಲ್ಪ ಮರಳು ಬೆರೆಸುವುದರಿಂದ ಹೆಚ್ಚು ಫಲವಿಲ್ಲ. ಮಸಾರಿ (ಕೆಂಪು) ಮಣ್ಣಿನಲ್ಲಿ ನೀರು ಸಲೀಸಾಗಿ ಇಂಗುವುದರಿಂದ ಅಗತ್ಯ ಕಡಿಮೆ.

ಹೊಲದಲ್ಲಿ ಬೆಳೆ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು ಇದಕ್ಕೆ ಹತ್ತಿರದ ಕ್ರಮವಾದರೂ ಅಲ್ಲಿ ಕಳೆ ತೆಗೆದು, ಬಿರುಕು ಮುಚ್ಚಿ, ತೇವ ಉಳಿಸುವುದು ಮುಖ್ಯ ಉದ್ದೇಶ.