ಗಾಳದ ಮೋಜು, ಹೊಳೆಯ ಹಕ್ಕು

ಇಂದಿನ ಕಾಸರಗೋಡಿನ ನೆಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಅಲ್ಲಿ ಅಧಿಕಾರಿಯಾಗಿದ್ದವನು ಹೆನ್ರಿ ಸಲಿವನ್ ಥಾಮಸ್. 1870ರಲ್ಲಿ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದ ಈತನೇ 1873ರಲ್ಲಿ ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ವನ್ನು ಪ್ರಕಟಿಸಿದ. ಎರಡನ್ನೂ ಒಟ್ಟಿಗೆ ಓದಬೇಕು. ಮರಿಮೀನುಗಳ ನಾಶವನ್ನು ತಡೆಯಬೇಕೆಂಬ ಆಡಳಿತಗಾರನ ಕಾಳಜಿಯೂ ಮಾಹಸೀರ್ ಹಿಡಿಯುವ ಹವ್ಯಾಸಿಯ ಉತ್ಸಾಹವೂ ಒಂದೇ ಲೇಖನಿಯಿಂದ ಹೊರಟವು. ಸಂರಕ್ಷಣೆಯ ವಾದ ಸುಳ್ಳಲ್ಲ. ಆದರೆ ಹೊಳೆಯನ್ನು ನೋಡಿದ ಕಣ್ಣು ಗಾಳಗಾರನದು. ಹೊಟ್ಟೆಪಾಡಿಗೆ ಬಲೆ, ಕಟ್ಟ, ಕೂಳಿ ಹಾಕುತ್ತಿದ್ದವರ ಮಾತು ಅಲ್ಲಿ ದೂರಿನ ವಸ್ತುವಾಗಿ ಮಾತ್ರ ಬರುತ್ತದೆ.

ನೀಲಗಿರಿಯಲ್ಲಿ ಇದು ಇನ್ನೂ ನಿಚ್ಚಳ. ಅಲ್ಲಿನ ಬೇಟೆಪ್ರಾಣಿ ಹಾಗೂ ಮೀನುಗಳಿಗಾಗಿಯೇ ಮದ್ರಾಸ್ ಸರ್ಕಾರ 1879ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಟ್ರೌಟ್ ತರಲು ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಮಾಡಿದ ಯತ್ನ ಫಲಿಸಲಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್‌ನ ದುಡಿಮೆಯಿಂದ ರೇನ್‌ಬೋ ಟ್ರೌಟ್ ಅಲ್ಲಿನ ತಣ್ಣೀರಿನ ತೊರೆಗಳಲ್ಲಿ ನೆಲೆಯೂರಿತು. ಅವಲಾಂಚೆಯಲ್ಲಿ ಮರಿ ಮಾಡಿಸುವ ಕೇಂದ್ರವೂ ಬಂತು. ಬಡಗರೂ ತೊದವರೂ ಬಾಳಿದ ಮಲೆಯ ತೊರೆಗಳಿಗೆ ಹೊರಗಿನ ಮೀನು, ಹೊರಗಿನ ಮೋಜು, ಅದನ್ನು ಕಾಯುವ ಕಾನೂನು ಹೀಗೆ ಸೇರಿದವು. 1897ರ ಮೀನುಗಾರಿಕಾ ಕಾಯ್ದೆ ಸಿಡಿಮದ್ದನ್ನೂ ನಂಜನ್ನೂ ನಿಷೇಧಿಸಿತು. ಅದು ಬೇಕಾಗಿಯೇ ಇತ್ತು.

ಇಂಗ್ಲಿಷಿನಲ್ಲಿ ‘ಆಂಗ್ಲರ್’ ಮತ್ತು ‘ಪೋಚರ್’ ಬೇರೆ ಬೇರೆ ಜನ. ಕನ್ನಡದಲ್ಲಿ ಮೋಜಿಗಾಗಲಿ ಸಾರಿಗಾಗಲಿ, ಹಾಕುವುದು ಗಾಳವನ್ನೇ. ಮೀನುಗಾರಿಕೆ ಈಗ ರಾಜ್ಯಪಟ್ಟಿಯ ವಿಷಯ. ಕೊಡಗಿನಲ್ಲಿ ಹುಟ್ಟಿ ಸುಳ್ಯವನ್ನು ಹಾಯುವ ಪಯಸ್ವಿನಿ, ಕಾಸರಗೋಡಿನಲ್ಲಿ ಚಂದ್ರಗಿರಿಯಾಗುವಷ್ಟರಲ್ಲಿ, 1956ರಿಂದೀಚೆಗೆ ಕೇರಳದ ನಿಯಮಕ್ಕೆ ಒಳಪಟ್ಟಿರುತ್ತದೆ.