ಬಿರುಗಾಳಿ ದುರ್ಬಲತೆಯ ಮೌಲ್ಯಮಾಪನ (ಮಂಡ್ಯ, ಮದ್ದೂರು, ಮಳವಳ್ಳಿ)

ಬಿರುಗಾಳಿ ದುರ್ಬಲತೆಯ ಮೌಲ್ಯಮಾಪನ ಎಂದರೆ ಬಿರುಗಾಳಿ, ಸಿಡಿಲು, ಆಲಿಕಲ್ಲು ಮತ್ತು ಭಾರಿ ಮಳೆಯಿಂದ ಒಂದು ಸಮುದಾಯದ ಯಾವ ಜನರು, ಮನೆಗಳು ಹಾಗೂ ಜೀವನೋಪಾಯಗಳು ಹೆಚ್ಚು ಹಾನಿಗೊಳಗಾಗಬಹುದು, ಅವು ಎಷ್ಟು ಬೇಗ ಚೇತರಿಸಿಕೊಳ್ಳಬಲ್ಲವು ಎಂಬುದನ್ನು ಗುರುತಿಸುವ ಕ್ರಮ. ಈ ಲೇಖನವು ಕರ್ನಾಟಕದ ಮಂಡ್ಯ ಜಿಲ್ಲೆಯ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲೂಕುಗಳಿಗೆ ಸಂಬಂಧಿಸಿದೆ.

ಪರಿಕಲ್ಪನೆ

ವಿಪತ್ತಿನ ಅಪಾಯವು ಮೂರು ಅಂಶಗಳಿಂದ ಉಂಟಾಗುತ್ತದೆ: ಹಾನಿಕಾರಕ ಘಟನೆ, ಅದರ ಹಾದಿಯಲ್ಲಿರುವ ಜನ ಮತ್ತು ಆಸ್ತಿ, ಹಾಗೂ ಅವರ ದುರ್ಬಲತೆ. ಭಾರತೀಯ ಮಾನಕ ಐಎಸ್ 875ರ (ಭಾಗ 3) ಗಾಳಿ ನಕ್ಷೆಯಲ್ಲಿ ಈ ಪ್ರದೇಶವು ಸೆಕೆಂಡಿಗೆ 33 ಮೀಟರ್ ಮೂಲ ವೇಗದ, ಅಂದರೆ ಅತ್ಯಂತ ಕೆಳಗಿನ ವಲಯದಲ್ಲಿದೆ. ಆದರೆ ಈ ಅಂಕಿ ಕಟ್ಟಡಗಳ ವಿನ್ಯಾಸಕ್ಕಾಗಿ ನಿಗದಿಯಾದದ್ದು. ಫಲಕ್ಕೆ ಬಂದ ಬಾಳೆಯೂ ಸರಿಯಾಗಿ ಬಿಗಿಯದ ಶೀಟಿನ ಮಾಡೂ ಅದಕ್ಕಿಂತ ಕಡಿಮೆ ವೇಗದ ಗಾಳಿಗೇ ಬೀಳಬಹುದು. ಆದ್ದರಿಂದ ನಕ್ಷೆಯ ವಲಯವೊಂದರಿಂದಲೇ ದುರ್ಬಲತೆಯನ್ನು ನಿರ್ಧರಿಸಲಾಗದು.

ಬಿರುಗಾಳಿಯ ಸ್ವರೂಪ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ರೈತರ ಲೆಕ್ಕದಲ್ಲಿ ಅಶ್ವಿನಿ, ಭರಣಿ ಹಾಗೂ ಕೃತ್ತಿಕಾ ಮಳೆಗಳ ಅವಧಿಯಲ್ಲಿ, ನೆಲ ಕಾದು ಮಧ್ಯಾಹ್ನದ ನಂತರ ಗುಡುಗು ಮೋಡಗಳು ಏಳುತ್ತವೆ. ಇವು ಸಣ್ಣ ಪ್ರದೇಶಕ್ಕೆ ಸೀಮಿತವಾಗಿರುವುದರಿಂದ ಒಂದು ಊರಿನ ತೋಟ ನೆಲಕಚ್ಚಿದರೂ ಪಕ್ಕದ ಊರು ಸುರಕ್ಷಿತವಾಗಿರಬಹುದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಮಳೆ ತರುತ್ತವೆ. ಭಾರತೀಯ ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 64.5 ಮಿ.ಮೀ.ಗಿಂತ ಹೆಚ್ಚಿನ ಮಳೆಯನ್ನು ಭಾರಿ ಮಳೆ ಎಂದು ವರ್ಗೀಕರಿಸುತ್ತದೆ.

ಹಾನಿಗೆ ಒಡ್ಡಿಕೊಂಡಿರುವವು

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು, ಬಾಳೆ ಮತ್ತು ತೆಂಗು ಬೆಳೆಯುತ್ತವೆ. ಮಳವಳ್ಳಿಯ ಮಳೆಯಾಶ್ರಿತ ಭಾಗಗಳಲ್ಲಿ ರಾಗಿ ಮುಖ್ಯ. ರೇಷ್ಮೆ ಹುಳು ಸಾಕಣೆ ಮನೆಗಳು ಮತ್ತು ಆಲೆಮನೆಗಳಿಗೆ ಮಾಡಿನ ಹಾನಿಯೇ ದೊಡ್ಡ ನಷ್ಟ. ಶಿಂಷಾ ನದಿಯ ದಂಡೆ ಹಾಗೂ ಕೆರೆಗಳ ಕೋಡಿಯ ಕೆಳಗಿನ ತಗ್ಗು ಪ್ರದೇಶಗಳು ಪ್ರವಾಹಕ್ಕೆ ಒಡ್ಡಿಕೊಂಡಿವೆ.

ದುರ್ಬಲತೆಯ ಸೂಚಕಗಳು

* ವಸತಿ: ನಾಡಹೆಂಚು ಅಥವಾ ಸಿಮೆಂಟ್ ಶೀಟಿನ ಮಾಡು, ಮಣ್ಣಿನ ಗೋಡೆ.
* ದುಡಿಮೆ: ಬಯಲಿನಲ್ಲಿ ಕೆಲಸ ಮಾಡುವ ಕೂಲಿಕಾರರು ಮತ್ತು ಕುರಿಗಾಹಿಗಳು ಸಿಡಿಲಿಗೆ ಹೆಚ್ಚು ಒಡ್ಡಿಕೊಂಡಿರುತ್ತಾರೆ.
* ಭೂದಾಖಲೆ: ವಾರಕ್ಕೆ ಉಳುವವರ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಬೆಳೆ ಪರಿಹಾರ ಪಡೆಯುವುದು ಕಷ್ಟ.
* ವಲಸೆ: ಆಲೆಮನೆಗಳ ಪಕ್ಕದ ತಾತ್ಕಾಲಿಕ ಗುಡಿಸಲುಗಳಲ್ಲಿರುವ ಕಾರ್ಮಿಕರು ಸ್ಥಳೀಯ ಪಟ್ಟಿಗಳಿಂದ ಹೊರಗುಳಿಯಬಹುದು.
* ವಿಮೆ: ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಈ ನಿಯಮ ತಿಳಿಯದವರು ಪರಿಹಾರದಿಂದ ವಂಚಿತರಾಗುತ್ತಾರೆ.

ವಿಧಾನ ಮತ್ತು ಸಂಸ್ಥೆಗಳು

2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವು ಅಪಾಯಕ್ಕೊಳಗಾಗುವ ಸ್ಥಳಗಳನ್ನು ಗುರುತಿಸಬೇಕು. ಗ್ರಾಮ ಮಟ್ಟದಲ್ಲಿ ಹಿರಿಯರಿಂದ ಹಿಂದಿನ ಹಾನಿಯ ವಿವರ ಪಡೆಯುವುದು, ಮನೆಗಳ ಸಮೀಕ್ಷೆ ಮತ್ತು ಊರಿನ ನಕ್ಷೆ ರಚನೆ ಮುಖ್ಯ ವಿಧಾನಗಳು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನ ಜಾಲವು ಗ್ರಾಮ ಪಂಚಾಯಿತಿ ಮಟ್ಟದ ಮಾಹಿತಿ ಒದಗಿಸುತ್ತದೆ. ಸಿಡಿಲಿನ ಮುನ್ನೆಚ್ಚರಿಕೆಗೆ ‘ದಾಮಿನಿ’ ಆ್ಯಪ್ ಬಳಕೆಯಲ್ಲಿದೆ. ಮೊಬೈಲ್ ಇಲ್ಲದವರಿಗೆ ಎಚ್ಚರಿಕೆ ತಲುಪುವ ದಾರಿಯನ್ನೂ ಮೌಲ್ಯಮಾಪನದಲ್ಲಿ ಪರಿಗಣಿಸಬೇಕಾಗುತ್ತದೆ.

ಇದನ್ನೂ ನೋಡಿ

* ಮಂಡ್ಯ ಜಿಲ್ಲೆ
* ಶಿಂಷಾ ನದಿ
* ವಿಪತ್ತು ನಿರ್ವಹಣೆ